ನಾಲ್ಕು ಪಟ್ಟು ಹತ್ತಿರ

"ಅದ್ನ ಬಿಚ್ಬ್ಯಾಡಿ ಸ್ವಾಮೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಮಂಗಮ್ಮ.

ತಲಘಟ್ಟಪುರದ ಆ ಮನೆಯ ಅಟ್ಟದಿಂದ ಇಳಿದದ್ದು ಮೊಳ ಸಾಲದ ಒಂದು ಕಬ್ಬಿಣದ ಕೊಳವೆ. ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ಹಳೆಯ ದುರ್ಬೀನು. ಮೈತುಂಬ ಅರಿಸಿನ, ಕುಂಕುಮ, ಮೇಣ ಮೆತ್ತಿ ಕಪ್ಪು ದಾರ ಸುತ್ತಿತ್ತು. ಹಳಸಿದ ಹರಳೆಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು.

ಮಂಗಮ್ಮನ ಹಿರಿಮಗ ತಿಮ್ಮರಾಯಪ್ಪನಿಗೆ ಶಿಕಾರಿಯ ಹುಚ್ಚು. ಒಂದು ಸಂಜೆ ಪೊದೆಯ ಮರೆಯಲ್ಲಿ ಸೌದೆ ಆಯುತ್ತಿದ್ದ ಹೆಂಗಸನ್ನು ಹಂದಿಯೆಂದು ತಿಳಿದು ಹೊಡೆದುಬಿಟ್ಟ. ಸತ್ತವಳ ತಾಯಿ ಈ ದುರ್ಬೀನಿಗೆ ಮಾಟ ಮಾಡಿಸಿದಳು. 'ನನ್ನ ಮಗಳನ್ನ ಹತ್ತಿರ ತಂದು ಕೊಂದೆಯಲ್ಲ, ಇನ್ಮೇಲೆ ಹತ್ತಿರಾನೇ ಇರ್ತಾಳೆ' ಎಂದು ಮಣ್ಣು ತೂರಿದಳಂತೆ. ತಿಮ್ಮರಾಯಪ್ಪ ಕಣ್ಣು ಬಿಟ್ಟರೆ ಅವಳು ಕಾಣುತ್ತಾಳೆಂದು ಹೆದರಿ ಎರಡೂ ಕಣ್ಣು ಮುಚ್ಚಿಕೊಂಡೇ ಸತ್ತ. ಆಮೇಲೆ ಯಾರೋ ಮಂತ್ರವಾದಿ ಬಂದು ಈ ಕೊಳವೆಗೆ ಮೇಣದ ಕಟ್ಟು ಹಾಕಿದ್ದ.

ಜಯಸಿಂಹನಿಗೆ ನಗು ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಬೆಳಕು, ಗಾಜು, ಬಿಂಬಗಳ ಪಾಠ ಹೇಳುವ ಮೇಷ್ಟ್ರು ಅವನು. ಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡು ಮೈಸೂರಿನಿಂದ ಬಂದು ತಿಂಗಳೂ ಆಗಿರಲಿಲ್ಲ. ಆ ಮನೆಗೆ ಇಟ್ಟಿಗೆ ಹೊಡೆಸಿದವನು ಮಂಗಮ್ಮನ ಕಿರಿಮಗ ಚಿಕ್ಕಬೈರಪ್ಪ. "ತಗೊಂಡ್ ಹೋಗಿ ಸಾರ್," ಎಂದು ಅವನೇ ಕೈಗಿಟ್ಟ. ಪೀಡೆ ತೊಲಗಿದರೆ ಸಾಕೆಂಬುದು ಅವನ ಲೆಕ್ಕ. ಬೇಲಿಯ ಮೇಲೆ ಹೋಗುತ್ತಿದ್ದ ಓತಿಕೇತವನ್ನು ಹಿಡಿದು ಅಂಗಿಯೊಳಗೆ ಬಿಟ್ಟುಕೊಳ್ಳುವುದಕ್ಕೆ ಮೇಷ್ಟ್ರೂ ತಯಾರಾಗಿದ್ದರು, ಯಾರೇನು ಮಾಡುವುದು!

ಮನೆಗೆ ಬಂದವನೇ ಮಹಡಿಯ ಮೇಲೆ ಕೂತು ಪೆನ್ಸಿಲ್ ಹೆರೆಯುವ ಚಾಕುವಿನಿಂದ ಮೇಣ ಕೆರೆಯತೊಡಗಿದ. ಮೇಣದ ಕೆಳಗೆ ಏನೋ ಕೆತ್ತಿದ ಗುರುತುಗಳು.

"ರೀ, ಹಾಗೇ ಇಟ್ಬಿಡಬಾರ್ದಾ? ನಂಗ್ಯಾಕೋ ಭಯ," ಎಂದಳು ಹೆಂಡತಿ ವಿಮಲಾ.

"ನೋಡು ಇಲ್ಲಿ, ನಾಲ್ಕು, ಪಕ್ಕದಲ್ಲಿ ಇಂಟು ಗುರುತು. ಅಂದ್ರೆ ನಾನೂರು ಗಜ ದೂರದ್ದು ನೂರು ಗಜದಲ್ಲಿದ್ದ ಹಾಗೆ ಕಾಣುತ್ತೆ. ಆಮೇಲಿನ ಮೂವತ್ತೆರಡು ಮುಂದಿನ ಗಾಜಿನ ಅಗಲ. ಈ ಉದ್ದದ ಸಂಖ್ಯೆ ಕಾರ್ಖಾನೆಯ ನಂಬರು, ಅಷ್ಟೆ. ಜನ ಅದನ್ನೇ ಶಕ್ತಿ ಅಂದ್ಕೋತಾರೆ, ಪೆದ್ದರು. ಇದರಲ್ಲಿ ಮಾಟ ಎಲ್ಲಿದೆ ತೋರ್ಸು?"

ಕಪ್ಪು ದಾರ ಕಿತ್ತೆಸೆದು ಕಣ್ಣಿಗಿಟ್ಟುಕೊಂಡ.

ಆಗಿನ ಜಯನಗರವೆಂದರೆ ಅಲ್ಲೊಂದು ಇಲ್ಲೊಂದು ಮನೆ, ನಡುವೆ ಬರೀ ಬಯಲು. ಬಯಲಿನ ಆಚೆ ತುದಿಯ ಹುಣಸೆಮರದ ಕೆಳಗೆ ಒಬ್ಬ ಹೆಂಗಸು ಬೆನ್ನು ತೋರಿಸಿ ನಿಂತಿದ್ದಳು. ತಲೆಯ ಮೇಲೆ ಸೌದೆಯ ಹೊರೆ. ಚೆನ್ನಾಗಿಯೇ ಕಂಡಳು. ಜಯಸಿಂಹ ದುರ್ಬೀನು ಇಳಿಸಿದ. ಬರಿಗಣ್ಣಿಗೂ ಅವಳು ಅಷ್ಟೇ ಚೆನ್ನಾಗಿ ಕಂಡಳು. ಮರದ ಕೆಳಗಲ್ಲ, ಬಯಲಿನ ಈಚೆಗೆ, ನೂರು ಗಜದಲ್ಲಿ.

ತಟ್ಟನೆ ಮೆಟ್ಟಿಲಿಳಿದು ಬಂದ. ಹೆಂಡತಿಗೆ ಹೇಳಲಿಲ್ಲ. ಇಡೀ ರಾತ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಿಡಬಹುದಿತ್ತು. ಆದರೆ ಪರೀಕ್ಷೆ ಮಾಡದೆ ಬಿಟ್ಟರೆ ಮೇಷ್ಟ್ರ ಮರ್ಯಾದೆ ಏನಾಗಬೇಕು? ಮರುದಿನ ಸಂಜೆ ಮತ್ತೆ ಅವಳತ್ತ ನೋಡಿದ. ಇಳಿಸುವಷ್ಟರಲ್ಲಿ ಅವಳು ಗೇಟಿನ ಪಕ್ಕದಲ್ಲಿದ್ದಳು.

ಅಲ್ಲೇ ನಿಂತಳು. ಹಗಲೂ ನಿಂತಳು. ವಿಮಲಾ ಅವಳ ಪಕ್ಕದಲ್ಲೇ ಹಾದು ಹೋಗಿ ರಂಗೋಲಿ ಹಾಕಿ ಬರುತ್ತಿದ್ದಳು. ವಿಮಲಾಳ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. "ಏನ್ರೀ ಇದು, ಮನೆಯೆಲ್ಲ ಹಸಿ ಸೌದೆ, ಸಿಡಿಮದ್ದಿನ ವಾಸನೆ," ಎಂದು ಮಾತ್ರ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಊಟ ಬಿಟ್ಟಳು. ಮೈ ಕೆಂಡವಾಯಿತು. ಇವಳಿಗೇನಾದರೂ ಆದರೆ ಎಂಬ ಭಯ ಜಯಸಿಂಹನಿಗೆ. ಬಸ್ಸು ಹತ್ತಿ ಮಂಗಮ್ಮನಲ್ಲಿಗೆ ಓಡಿದ.

"ಕಟ್ಟು ಹಾಕಿದೋನು ಸತ್ತೋದ ಸ್ವಾಮೀ," ಎಂದು ಮುದುಕಿ ಅತ್ತಳು. "ಹತ್ರಕ್ಕೆ ಕರೆದೋರು ನೀವು. ದೂರ ಕಳ್ಸೋದು ಹೆಂಗಂತ ನಂಗೇನ್ ಗೊತ್ತು?"

ದೂರ! ವಾಪಸು ಬರುವ ದಾರಿಯಲ್ಲಿ ಮೇಷ್ಟ್ರ ಬುದ್ಧಿ ಚುರುಕಾಯಿತು. ಅದೇ ದುರ್ಬೀನನ್ನು ತಿರುಗಿಸಿ, ದೊಡ್ಡ ಗಾಜಿಗೆ ಕಣ್ಣಿಟ್ಟರೆ? ಎಲ್ಲವೂ ನಾಲ್ಕು ಪಟ್ಟು ದೂರ ಸರಿಯುತ್ತದೆ. ನಾಲ್ಕರ ಗುರುತು ಎರಡೂ ಕಡೆಗೆ ಒಂದೇ ಅಲ್ಲವೇ!

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನಡುಮನೆಯಲ್ಲಿ ನಿಂತು, ತೆರೆದ ಬಾಗಿಲಿನಿಂದ ಗೇಟಿನತ್ತ ದುರ್ಬೀನು ತಿರುಗಿಸಿ ಹಿಡಿದ. ಚಿಕ್ಕದೊಂದು ಬೆಳಕಿನ ಬಿಲ್ಲೆ. ಅದರಲ್ಲಿ ಇರುವೆಯಷ್ಟು ಕಪ್ಪು. ಇಳಿಸಿದ. ಅವಳು ಬಯಲಿನಲ್ಲಿದ್ದಳು! ಮತ್ತೆ ಇಟ್ಟ. ಹುಣಸೆಮರದ ಕೆಳಗೆ. ಮತ್ತೆ. ಮತ್ತೆ. ಬನಶಂಕರಿಯ ಕಡೆಯ ದಿಣ್ಣೆ ದಾಟಿ ಅವಳು ಕರಗಿಹೋದಳು. ವಾಸನೆಯೂ ನಿಂತಿತು.

"ವಿಮಲಾ! ಬಾರೇ ಇಲ್ಲಿ!" ಎಂದು ಸಂತೋಷದಿಂದ ಕೂಗಿದ.

ಒಳಗೆ ಹೋಗಿ ನೋಡಿದ. ಅಡುಗೆಮನೆ ಖಾಲಿ. ಹಿತ್ತಿಲು ಖಾಲಿ. ಆಗ ಕೇಳಿಸಿತು. ಎಲ್ಲಿಂದಲೋ, ಎಷ್ಟೋ ದೂರದಿಂದ, ನೂಲಿನೆಳೆಯಂಥ ದನಿ.

"ರೀ..."

ಗೇಟಿನ ಬಳಿ ನೀರಿನ ಚೆಂಬು ಉರುಳಿತ್ತು. ಅವನು ದುರ್ಬೀನು ತರುವಷ್ಟರಲ್ಲಿ ವಿಮಲಾ ಗಿಡಕ್ಕೆ ನೀರು ಹಾಕಲು ಜ್ವರದಲ್ಲೇ ಎದ್ದು ಬಂದಿದ್ದಳು. ಅವನು ಕಣ್ಣಿಟ್ಟಷ್ಟು ಸಲವೂ ಆ ಬಿಲ್ಲೆಯಲ್ಲಿ ಇಬ್ಬರಿದ್ದರು. ಹೊರೆಯ ಹೆಂಗಸಿನ ಮರೆಯಲ್ಲಿ ಇರುವೆಯಷ್ಟು ಚಿಕ್ಕದಾದ ಹೆಂಡತಿಯನ್ನು ಆ ಮಬ್ಬಿನಲ್ಲಿ ಅವನು ಗುರುತಿಸಿರಲಿಲ್ಲ.

ಓಡಿದ. ಬಯಲಿನಲ್ಲಿ ಓಡಿದ. ದಿಣ್ಣೆಯ ಮೇಲೆ ಒಂದು ಚುಕ್ಕೆ ಅವನತ್ತಲೇ ಓಡಿಬರುತ್ತಿತ್ತು. ಇಬ್ಬರೂ ಓಡಿದರು. ದೂರ ಒಂದು ಗೇಣೂ ಕಡಿಮೆಯಾಗಲಿಲ್ಲ. ಬಾಯಿ ಒಣಗಿತು. ಕತ್ತಲೆ ಇಳಿಯತೊಡಗಿತು.

ಉಳಿದದ್ದು ಒಂದೇ ದಾರಿ. ಕೈಯಲ್ಲೇ ಇದ್ದ ದುರ್ಬೀನನ್ನು ಸರಿಯಾಗಿ ತಿರುಗಿಸಿ ಕಣ್ಣಿಗಿಟ್ಟ. ವಿಮಲಾ ಕಂಡಳು. ಕೂದಲು ಕೆದರಿ, ಅಳುತ್ತ ಕೈಚಾಚಿದ್ದಳು. ಅವಳ ಬೆನ್ನಿಗಂಟಿ, ಸೆರಗು ಹಿಡಿದು, ಹೊರೆ ಹೊತ್ತ ಹೆಂಗಸು. ಈಗ ಅವಳ ಮುಖ ಇತ್ತ ತಿರುಗಿತ್ತು. ಎಡಗಣ್ಣಿನ ಜಾಗದಲ್ಲಿ ಗುಂಡು ಹೊಕ್ಕ ತೂತು.

ಒಬ್ಬಳನ್ನು ಬಿಟ್ಟು ಒಬ್ಬಳನ್ನು ತರುವ ಗುರುತು ಆ ಕೊಳವೆಯ ಮೇಲೆ ಎಲ್ಲೂ ಇರಲಿಲ್ಲ. ಜಯಸಿಂಹನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನೋಡಿದ. ಮತ್ತೆ ನೋಡಿದ. ಹುಣಸೆಮರ. ಬಯಲು. ಹತ್ತು ಮಾರು. ಎರಡು ಮಾರು. ಮದ್ದಿನ ಘಾಟು. ಹಸಿ ಸೌದೆ. ಬಿಸಿಯುಸಿರು.

"ಎಲ್ಲಿಗೆ ಕಳಿಸ್ಬಿಟ್ರಿ ನನ್ನ?" ವಿಮಲಾಳ ಬಿಕ್ಕು ಕಿವಿಯ ಪಕ್ಕದಲ್ಲೇ ಕೇಳಿಸಿತು.

ದುರ್ಬೀನು ಬಿಸಾಕಿ ಅವಳನ್ನು ಬಾಚಿ ತಬ್ಬಿಕೊಂಡ. ಎದೆಗೆ ಚುಚ್ಚಿದ್ದು ಸೌದೆಯ ಹೊರೆ. ಅದರ ಆಚೆಗೆ, ಕೈಯಳತೆಯಲ್ಲಿ, ಹೆಂಡತಿ ಅಳುತ್ತಿದ್ದಳು. ಕೈ ಚಾಚಿದರೆ ತಣ್ಣನೆಯ ಮೈ ಅಡ್ಡ ಬರುತ್ತಿತ್ತು.

ಆಮೇಲೆ ಬಹಳ ವರ್ಷ ಇಬ್ಬರೂ ಅದೇ ಮನೆಯಲ್ಲಿ ಬಾಳಿದರು. ವಿಮಲಾ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಹೆಂಡತಿಯ ಕೈಯನ್ನು ಅವನಿಗೆ ಮತ್ತೆಂದೂ ಮುಟ್ಟಲಾಗಲಿಲ್ಲ.