ರೊಟ್ಟಿ ಬಡಿಯುವ ಸದ್ದು

ಅವ್ವ ಹೆಡ್‌ಫೋನ್ ತೆಗೆದು ಲ್ಯಾಬಿನ ಮೇಜಿನ ಮೇಲಿಟ್ಟಳು. "ಈಕಿ ಯಾರವ್ವಾ? ನನ್ನ ಮಾತೆಲ್ಲಾ ಈಕಿ ಹೇಳಾಕತ್ತಾಳ."

ನಾನು ಕಿವಿಗೆ ಹಚ್ಚಿ ನೋಡಿದೆ. ಕಂಪ್ಯೂಟರ್ ದನಿ! ಜೋಳದ ಹಿಟ್ಟಿಗೆ ಎಸರು ಹಾಕುವುದನ್ನು ವಾರ್ತೆಯ ಹಾಗೆ ಓದುತ್ತಿತ್ತು. ನನ್ನ ತಲೆ ಕೆಟ್ಟುಹೋಯಿತು.

ಪುಣೆಯ ಕನ್ನಡ ಮನೆಗಳ ಮಕ್ಕಳಿಗೆ ನಾನು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ಅರ್ಧಂಬರ್ಧ ಕೇಳಿ, ಹೊರಗೆ ಮರಾಠಿಯಲ್ಲೇ ಬೆಳೆದವರು. ಪುಸ್ತಕಕ್ಕಿಂತ ಮೊದಲು ಅವರಿಗೆ ಮನೆಯ ದನಿ ಕೇಳಿಸಬೇಕೆಂಬುದು ನನ್ನ ಹಟ. ಅದಕ್ಕೇ ಆರು ತಿಂಗಳ ಹಿಂದೆ ಪಿಂಪ್ರಿಯ ನಮ್ಮ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಆಡಿದ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಾನೂ ಪೂರ್ತಿ ಕೇಳದೆ, ಭಾಷಾ ಲ್ಯಾಬ್ ನೋಡಿಕೊಳ್ಳುವ ಮಧುಕರನಿಗೆ ಕೊಟ್ಟಿದ್ದೆ. ಇವತ್ತು ಮೊದಲ ಸಲ ಅದನ್ನು ಕ್ಲಾಸಿಗೆ ಕೇಳಿಸುವುದಿತ್ತು; ತನ್ನ ದನಿ ಕೇಳಲೆಂದು ಅವ್ವ ಕಂಪನಿ ಕ್ಯಾಂಟೀನಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಇಳಕಲ್ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಮಧುಕರ್!"

ಗಾಜಿನ ಕೋಣೆಯಿಂದ ಹೊರಬಂದ. ಅಂಗಿಯ ತೋಳು ಮಡಚಿದ್ದ. ಹಾಗೆ ಮಡಚಿದರೆ ಚೆನ್ನಾಗಿ ಕಾಣುತ್ತಾನೆ; ಆ ಹೊತ್ತಿನಲ್ಲಿ ಅದಕ್ಕೂ ಸಿಟ್ಟು ಬಂತು.

"ನಮ್ಮವ್ವನ ದನಿ ಎಲ್ಲಿ ಹೋತ್ರಿ?"

"ಸದ್ದು ಭಾಳ ಇತ್ರಿ ಮೇಡಂ. ರೊಟ್ಟಿ ಬಡಿಯೋದು, ಕುಕ್ಕರ್ ಸೀಟಿ... ಹೆಡ್ ಸರ್ ಕ್ಲೀನ್ ಆಡಿಯೊ ಬೇಕಂದ್ರು. ಅವ್ವಾರ ಮಾತು ಬರಕೊಂಡು ಕಂಪ್ಯೂಟರ್‌ನಿಂದ ಓದಿಸಿದೆ."

"ಯಾರನ್ನ ಕೇಳಿ? ಆ ಹುಡುಗರ ಮನ್ಯಾಗ ಕನ್ನಡ ಆ ಸದ್ದಿನಾಗೇ ಇರ್ತದ್ರಿ! ಈ ಊರಾಗ ಹತ್ತು ವರ್ಷ ಇಟ್ಟಂಗಿ ಹೊತ್ತು ನನ್ನ ಓದಿಸ್ಯಾಳ ಆಕಿ. ಆಕಿ ದನಿ ನಿಮಗ ಹೊಲಸಾತೇನು?"

ಹೆಡ್‌ಫೋನ್ ಹಾಕಿ ಕೂತಿದ್ದ ಇಪ್ಪತ್ತು ವಿದ್ಯಾರ್ಥಿಗಳು ತಿರುಗಿ ನೋಡಿದರು. ನೋಡಲಿ.

"ಒರಿಜಿನಲ್ ಅಳಿಸಿದ್ರೇನು?"

"ಇಲ್ರಿ. ನನ್ನ ಫೋನಿನಾಗ ಅದ."

"ಲ್ಯಾಬಿನ ಆಡಿಯೊ ನಿಮ್ಮ ಫೋನಿನಾಗ ಯಾಕ?"

ಅವನ ಕಿವಿ ಕೆಂಪಾದವು.

"ಹಚ್ರಿ. ಎಲ್ಲಾರ ಹೆಡ್‌ಫೋನಿಗೂ. ಈಗ."

"ಕೊನೀ ಒಂದು ನಿಮಿಷ ಬಿಟ್ಟು..."

"ಒಂದು ಸೆಕೆಂಡೂ ಬಿಡಂಗಿಲ್ಲ!"

"ಉಮಾವತಿ, ಸ್ವಲ್ಪ ಕೇಳ್ರಿ..." ಮೇಡಂ ಬಿಟ್ಟು ನನ್ನ ಹೆಸರನ್ನೇ ಹಿಡಿದ.

"ಹಚ್ರಿ ಅಂದ್ನಲ್ಲ!"

ಹಚ್ಚಿದ. ತಪತಪ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವ್ವ ಕಣ್ಣರಳಿಸಿ, "ಹಾಂ, ಇದು ನಾನು" ಎಂದಳು. ಮುಂದಿನ ಸಾಲಿನ ಶೀತಲ್, "ಸೇಮ್ ನಮ್ಮ ಅಜ್ಜಿ!" ಎಂದು ಕಣ್ಣೊರೆಸಿಕೊಂಡಳು. ಗೆದ್ದ ಗತ್ತಿನಲ್ಲಿ ಮಧುಕರನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ರೊಟ್ಟಿಯ ಮಾತು ಮುಗಿಯಿತು. ಅವತ್ತು ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ ಎಂಬುದು ನನಗೆ ಆಗ ತಿಳಿಯಿತು.

"ದಿನಾ ಮಧುಕರ್ ಹಂಗಂದ, ಮಧುಕರ್ ಹಿಂಗಂದ," ರೆಕಾರ್ಡಿಂಗಿನ ಅವ್ವ ಎಲ್ಲರ ಕಿವಿಯಲ್ಲೂ ನನ್ನನ್ನು ಕೇಳುತ್ತಿದ್ದಳು. "ಮನಸಿನಾಗ ಅದಾನೇನು?"

ಮತ್ತೆ ನನ್ನದೇ ದನಿ. "ಅದಾನಬೇ. ಆ ಮಬ್ಬಗ ಯಾವಾಗ ತಿಳೀತದೋ."

ಇಡೀ ಲ್ಯಾಬ್ ಹೋ ಎಂದಿತು. ನಾನು ಹೆಡ್‌ಫೋನ್ ಕಿತ್ತೆಸೆದು ಹೊರಗೆ ನಡೆದೆ. ಮಧುಕರ ಹಿಂದೆಯೇ ಓಡಿಬಂದ.

"ಆರು ತಿಂಗಳಾತು, ದಿನಾ ಲೋಕಲ್ ಟ್ರೇನಿನಾಗ ಇದನ್ನ ಕೇಳ್ತೀನ್ರಿ."

"ತಿಳದೂ ಆರು ತಿಂಗಳು ಸುಮ್ನಿದ್ರಿ?"

"ನನಗ ಹೇಳಿದ ಮಾತಲ್ಲ ಅದು. ಹೆಂಗ ಕೇಳ್ಲಿ?"

"ಅವ್ವನ ದನಿ ತಗಿಯಾಗ ಯಾರನ್ನೂ ಕೇಳ್ಲಿಲ್ಲ. ಇದಕ್ಕ ಮಾತ್ರ ಮರ್ಯಾದಿ!"

ಅವನು ತಲೆ ತಗ್ಗಿಸಿದ. "ತಪ್ಪಾತ್ರಿ. ಇನ್ನ ಈ ದನಿನೇ ಇರ್ತದ, ಹೆಡ್ ಸರ್‌ಗೆ ನಾನೇ ಹೇಳ್ತೀನಿ. ಮತ್ತ... ನನ್ನ ಮನಸಿನಾಗೂ ನೀವೇ ಅದೀರಿ."

ನಾನು ಕಾಯುತ್ತಿದ್ದ ಮಾತೇ ಅದು. ಸೋಲಲು ಮಾತ್ರ ಮನಸ್ಸಾಗಲಿಲ್ಲ.

"ಮೊದ್ಲು ಅವ್ವನ ಹತ್ರ ತಪ್ಪಾತು ಅನ್ರಿ. ನಂದು ಆಮ್ಯಾಲ."

ಅವನು ಒಳಗೆ ಹೋಗಿ ಅವ್ವನ ಎದುರು ಕೈಕಟ್ಟಿ ನಿಂತ. ಅವ್ವ ಹೆಡ್‌ಫೋನ್ ಹಾಕಿಕೊಂಡೇ ಇದ್ದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದಳು.

"ನಿಂದರಪಾ. ಇನ್ನೊಮ್ಮೆ ಮೊದಲಿಂದ ಹಚ್ಚು. ನನ್ನ ಮಾತು ಮುಗೀಲಿ, ಆಮ್ಯಾಲ ನಿಂದು."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹೋಗಿ ಅವನ ಪಕ್ಕ ನಿಂತೆ.