ಗೆರೆಗಳ ಹಿಂದಿನ ಅಜ್ಜಿ

“ಅಜ್ಜಿ ಎಲ್ಲಿ?”

ಚಿನಕುರುಳಿ ಕೇಳಿದ್ದು ಅಣ್ಣನನ್ನು. ಮಾತುಮಾತಿಗೆ ಚಟಪಟ ಸಿಡಿಯುವ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು.

ಕಂಪ್ಯೂಟರಿನಲ್ಲಿ ಹಳೇ ವಿಡಿಯೊ ಓಡುತ್ತಿತ್ತು. ಅಮ್ಮ ಚಿಕ್ಕವಳಿದ್ದಾಗ ಅಜ್ಜಿ ಮನೆಗೆ ನೆಂಟರು ಬಂದಿದ್ದ ದಿನದ್ದು. ಸಂಜೆ ಅದನ್ನು ನೋಡಲು ಮಾವಂದಿರೆಲ್ಲ ಬರುವವರಿದ್ದರು.

“ಯಾರಾದ್ರೂ ಅಲ್ಲಾಡಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನ ಥರ ಗೆರೆ ಬರ್ತಿತ್ತು. ಅಷ್ಟನ್ನೂ ಕಟ್ ಮಾಡ್ದೆ,” ಎಂದ ಅಣ್ಣ. “ಒರಿಜಿನಲ್ ಡಿಲೀಟ್ ಮಾಡಿದ್ರೆ ಜಾಗನೂ ಉಳಿಯುತ್ತೆ.”

ಚಿನಕುರುಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡಿದ್ದರು. ಅವರು ನಡೆದಾಡುವುದನ್ನು ನೋಡಬೇಕೆಂದರೆ ಇದೊಂದೇ ವಿಡಿಯೊ.

“ನೆಗಡಿ ಬಂತು ಅಂತ ಮೂಗೇ ಕೊಯ್ಕೋತಾರಾ?” ಎಂದು ಅವಳು ಮೌಸ್ ಕಿತ್ತುಕೊಂಡಳು.

ಕಂಪ್ಯೂಟರ್ ಟೀಚರ್ ಶಾಲೆಯಲ್ಲಿ ತೋರಿಸಿದ್ದ ಪುಕ್ಕಟೆ ಸಾಫ್ಟ್‌ವೇರ್ ಮನೆಯಲ್ಲೂ ಇತ್ತು. ಅದರ ಹೆಲ್ಪ್ ಪುಟ ತೆರೆದಳು. ಹಳೇ ಕ್ಯಾಮೆರಾ ಒಂದು ಚಿತ್ರವನ್ನು ಎರಡು ಸಲ ತೆಗೆಯುತ್ತಿತ್ತಂತೆ. ಮೊದಲು ಒಂದು ಬಿಟ್ಟು ಒಂದು ಸಾಲು, ಆಮೇಲೆ ನಡುವೆ ಉಳಿದ ಸಾಲುಗಳು. ಅಷ್ಟರಲ್ಲಿ ಯಾರಾದರೂ ಅಲ್ಲಾಡಿದರೆ ಚಿತ್ರ ಸೀಳಿ ಗೆರೆ ಬೀಳುತ್ತಿತ್ತು. ಸುಮ್ಮನೆ ಕೂತವರಿಗೆ ಏನೂ ಆಗುತ್ತಿರಲಿಲ್ಲ.

ಒರಿಜಿನಲ್ ಇನ್ನೂ ಡಿಲೀಟ್ ಆಗಿರಲಿಲ್ಲ. ಅವಳು ಅದನ್ನು ತೆರೆದು, ಗೆರೆ ಅಳಿಸುವ ‘ಡಿಇಂಟರ್‌ಲೇಸ್’ ಒತ್ತಿದಳು. ಗೆರೆ ಹೋಯಿತು, ಆದರೆ ಎಲ್ಲರೂ ಹಿಂದೆಮುಂದೆ ಕುಣಿಯತೊಡಗಿದರು. ಪೆಚ್ಚಾಗಿ ನಿಂತಿದ್ದ ಅಣ್ಣ ಹೆಲ್ಪ್ ಪುಟ ಇಣುಕಿ ನೋಡಿ ಮೆಲ್ಲಗೆ ಬಾಯಿಬಿಟ್ಟ. “ಯಾವ ಸಾಲು ಮೊದಲು ಅನ್ನೋದು ಉಲ್ಟಾ ಆಗಿದೆ. ಅದನ್ನ ಬದಲಾಯಿಸಿ ನೋಡು.”

ಬದಲಾಯಿಸಿದಳು. ಅಜ್ಜಿ ಬಂದೇಬಿಟ್ಟರು.

ತಟ್ಟೆ ಹಿಡಿದು ಬಂದರು, ನೀರು ಕೊಟ್ಟರು, ಅಳುವ ಮಗುವನ್ನು ಎತ್ತಿಕೊಂಡರು, ಮತ್ತೆ ಒಳಗೆ ಓಡಿದರು. ಕುರ್ಚಿಗಳಲ್ಲಿ ಕೂತವರು ಉಣ್ಣುತ್ತಲೇ ಇದ್ದರು. ಅಜ್ಜಿ ಈಗ ಕೂರುತ್ತಾರೆ, ಈಗ ಕೂರುತ್ತಾರೆ ಎಂದು ಚಿನಕುರುಳಿ ಕಾದಳು. ವಿಡಿಯೊ ಮುಗಿದುಹೋಯಿತು. ಅಷ್ಟು ಜನರಲ್ಲಿ ಒಬ್ಬರಾದರೂ ಅವರಿಗೆ ಕೂತ್ಕೋ ಎಂದಿರಲಿಲ್ಲ. ಅವಳಿಗೆ ಮತ್ತೆ ಸಿಟ್ಟು ಬಂತು. ಈ ಸಲ ಅದು ಅಣ್ಣನ ಮೇಲಲ್ಲ.

ಸಂಜೆ ಮಾವಂದಿರು ಸೋಫಾ ತುಂಬ ಕೂತರು. ವಿಡಿಯೊ ಶುರುವಾಯಿತು. “ಅಯ್ಯೋ, ಅಮ್ಮ ನೋಡ್ರೋ,” ಎಂದು ದೊಡ್ಡ ಮಾವ ಕಣ್ಣೊರೆಸಿಕೊಂಡರು. ಅಮ್ಮ ಮಾತ್ರ ಟ್ರೇ ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದಳು. ವಿಡಿಯೊವನ್ನು ಅರ್ಧಂಬರ್ಧ ನೋಡುತ್ತಿದ್ದಳು.

ಚಿನಕುರುಳಿ ವಿಡಿಯೊ ನಿಲ್ಲಿಸಿದಳು. ಎದ್ದು ಹೋಗಿ ಅಮ್ಮನ ಕೈಯಿಂದ ಟ್ರೇ ತೆಗೆದುಕೊಂಡು ಅಣ್ಣನ ಕೈಗಿಟ್ಟಳು.

“ಅಮ್ಮ, ನೀನು ಇಲ್ಲಿ ಕೂತ್ಕೋ,” ಎಂದು ತನ್ನ ಜಾಗ ತೋರಿಸಿದಳು.

ಅಮ್ಮ ಕೂತ ಮೇಲೆ ವಿಡಿಯೊವನ್ನು ಮೊದಲಿನಿಂದ ಹಾಕಿದಳು.