ಮೇಸ್ತ್ರಿ ಮೂರು ಸಲ ಕೇಳಿದ್ದ

ಮುಚ್ಚಳ ಬಿಚ್ಚುವ ಮೊದಲು ಪೈಪ್ ಮೇಸ್ತ್ರಿ ಮೂರು ಸಲ ಕೇಳಿದ್ದ.

“ಯಾರಾದ್ರೂ ಪೈಪಿಗೆ ಆ್ಯಸಿಡ್, ಪುಡಿ, ಏನಾದ್ರೂ ಸುರಿದಿದ್ದೀರಾ? ಈಗಲೇ ಹೇಳಿಬಿಡಿ.”

ಮೂರು ಮನೆಯವರೂ ಇಲ್ಲ ಅಂದರು.

ಒಂದರ ಮೇಲೊಂದು ಕೂತ ಮೂರು ಮನೆ. ಮೂರಕ್ಕೂ ಅಡುಗೆಮನೆಯ ಕೊಳೆನೀರು ಇಳಿಯಲು ಒಂದೇ ಪೈಪು. ಬೆಳಿಗ್ಗೆ ಎಂಟೂವರೆಗೆ ಅದು ಕಟ್ಟಿಕೊಂಡು, ಮೇಲಿನವರ ನೀರೆಲ್ಲ ಕೆಳಮನೆಯ ಸಿಂಕಿನಿಂದ ಉಕ್ಕಿ ನೆಲಕ್ಕೆ ಹರಿದಿತ್ತು. ಮೇಸ್ತ್ರಿ ಮುಕ್ಕಾಲು ಗಂಟೆಯಲ್ಲಿ ಬಂದ. ಹಿತ್ತಲಲ್ಲಿ ಪೈಪಿನ ಬುಡದ ಮುಂದೆ ಮಂಡಿಯೂರಿದ. ಕೈಗವಸು ತೆಗೆದು ಪಕ್ಕಕ್ಕಿಟ್ಟ. ಬರಿಗೈಯಲ್ಲಿ ಮುಟ್ಟಿದರೆ ಮಾತ್ರ ಎಲ್ಲಿ ಕಟ್ಟಿದೆ ಅಂತ ತಿಳಿಯುತ್ತದೆ ಎಂಬುದು ಅವನ ನಂಬಿಕೆ.

ಮುಚ್ಚಳ ಎರಡು ಸುತ್ತು ತಿರುಗಿತು. ಮೂರನೆಯ ಸುತ್ತಿಗೆ ನೀರು ಚಿಮ್ಮಿತು. ಕೈಗೆ, ಗಲ್ಲಕ್ಕೆ, ಕಣ್ಣಿಗೆ.

ಅವನ ಕೂಗು ಬಸ್ ನಿಲ್ದಾಣದವರೆಗೆ ಕೇಳಿಸಿತಂತೆ.

ಮೊದಲು ಓಡಿ ಬಂದವರು ಕೆಳಮನೆಯ ಅಜ್ಜಿ. ಅವರು ಆಗ ಮೊದಲ ಮಹಡಿಯಲ್ಲಿದ್ದರು. ಮಂಡಿನೋವು ಮರೆತು ಮೆಟ್ಟಿಲು ಇಳಿದರು. ಮೇಸ್ತ್ರಿಯ ತಲೆಯನ್ನು ಹಿತ್ತಲ ನಲ್ಲಿಯ ಕೆಳಗೆ ಹಿಡಿದರು. “ಕಣ್ಣು ಬಿಡೋ. ಬಿಡು ಅಂದೆ. ಆಮೇಲೆ ಎಷ್ಟು ಬೇಕಾದ್ರೂ ಅಳುವಂತೆ.” ಆಂಬುಲೆನ್ಸ್ ಬರುವವರೆಗೆ, ಇಪ್ಪತ್ತು ನಿಮಿಷ, ಬಯ್ಯುತ್ತಲೇ ನೀರು ಹಾಯಿಸಿದರು. ಸೆರಗೆಲ್ಲ ಒದ್ದೆ.

* * *

ಇನ್ಸ್‌ಪೆಕ್ಟರ್ ಬಂದಾಗ ಹನ್ನೊಂದು ಗಂಟೆ. ನಲವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಒದ್ದೆ ನೆಲಕ್ಕೆ ಕಾಲಿಡುವ ಮೊದಲು ಬೂಟು ಬಿಚ್ಚಿ ಹೊರಗಿಟ್ಟಳು. ಅಜ್ಜಿ ಅದನ್ನು ಗಮನಿಸಿದರು.

ಮನೆಯ ಮಾಲೀಕ ಆಗಲೇ ತೀರ್ಪು ಕೊಟ್ಟಾಗಿತ್ತು.

“ಈ ಅಜ್ಜಿಯದೇ ಕೆಲಸ ಮೇಡಂ. ಅರಳು ಮರಳು. ನೋಡಿ, ಸಿಂಕಿನ ಕೆಳಗೆ ಆ್ಯಸಿಡ್ ಬಾಟಲಿ. ಅರ್ಧ ಖಾಲಿ! ಸುರಿದಿದ್ದಾರೆ, ಮರೆತಿದ್ದಾರೆ. ನೀವು ಕರ್ಕೊಂಡು ಹೋಗಿ. ನಾನು ಇವತ್ತೇ ಮನೆಗೆ ಬೀಗ ಹಾಕ್ತೀನಿ.”

ಅಜ್ಜಿ ಒದ್ದೆ ಸೆರಗು ಹಿಂಡಿದರು.

“ಅದು ಕಕ್ಕಸು ತೊಳೆಯೋದು. ಮೂವತ್ತೆಂಟು ವರ್ಷ ಲೈಬ್ರರಿ ನೋಡ್ಕೊಂಡೆ ಕಣಮ್ಮ. ಪುಸ್ತಕ ಯಾಕೆ ತಡವಾಯ್ತು ಅಂತ ಜನ ಹೇಳೋ ಸುಳ್ಳೆಲ್ಲ ನನಗೆ ಬಾಯಿಪಾಠ. ಬೇಕಂದ್ರೆ ಒಳ್ಳೇ ಸುಳ್ಳನ್ನೇ ಹೇಳ್ತಿದ್ದೆ. ಆದ್ರೆ ನಾನು ಸುರಿದಿಲ್ಲ.”

ಆ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಇನ್ಸ್‌ಪೆಕ್ಟರ್ ಕೇಳಿಸಿಕೊಂಡು ಫೋನ್ ಕೆಳಗಿಟ್ಟಳು.

“ಆ್ಯಸಿಡ್ ಅಲ್ವಂತೆ. ಕಾಸ್ಟಿಕ್ ಸೋಡಾ. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತೆ, ಆಮೇಲೆ ಚರ್ಮ ತಿನ್ನುತ್ತೆ.”

ಮಾಲೀಕ ಮೇಲಿನ ಮಹಡಿಯತ್ತ ಕತ್ತೆತ್ತಿದ. “ಸೋಪು ಅಂದ್ರಾ?”

* * *

ಎರಡನೆಯ ಮಹಡಿಯವನನ್ನು ಎಲ್ಲರೂ ಸೋಪಣ್ಣ ಅನ್ನುತ್ತಿದ್ದರು. ಮನೆಯಲ್ಲೇ ಬಟ್ಟೆ ಸೋಪು ಮಾಡಿ ಮಾರುವವನು. ಇನ್ಸ್‌ಪೆಕ್ಟರ್ ಬಾಗಿಲು ತಟ್ಟುವ ಮೊದಲೇ ತೆರೆದ.

“ನಾನಲ್ಲ ಮೇಡಂ!”

“ನಾನಿನ್ನೂ ಏನೂ ಕೇಳಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ, ಅಂದುಕೊಂಡಳು ಅವಳು. ಆದರೆ ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

“ಮೇಸ್ತ್ರಿ ಜೊತೆ ಜಗಳ ಆಗಿತ್ತಂತೆ?”

“ಹೋದ ವರ್ಷ. ನನ್ನ ಸೋಪಿಂದಲೇ ಪೈಪು ಕಟ್ಟೋದಂತೆ! ಕೊಳೆ ತೆಗೆಯೋ ಸೋಪಿಗೇ ಕೊಳೆ ಅಂಟಿಸಿದ ಅವನು. ನಾಲ್ಕು ಮಾತು ಬೈದೆ. ಅಷ್ಟೇ. ಬೈದವನು ಸುಡ್ತಾನಾ?”

“ಸೋಪಿಗೆ ಹಾಕೋ ಕಾಸ್ಟಿಕ್ ಎಲ್ಲಿಡ್ತೀರಿ?”

ಅವನು ಮೆಟ್ಟಿಲ ಕಟ್ಟೆ ತೋರಿಸಿದ. ಒಂದು ಮತ್ತು ಎರಡನೆಯ ಮಹಡಿಗಳ ನಡುವೆ ನೀಲಿ ಡ್ರಮ್ಮು. ಬೀಗವಿಲ್ಲ. ಮೇಲೆ ಹೊದಿಸಿದ್ದ ಗೋಣಿಚೀಲದ ಒಂದು ಮೂಲೆ ಇರಲಿಲ್ಲ.

“ಇದನ್ನ ಕತ್ತರಿಸಿದ್ದು ನೀವಾ?”

“ಇಲ್ವಲ್ಲ. ಮೊನ್ನೆ ಸರಿಯಾಗೇ ಇತ್ತು.” ಡ್ರಮ್ಮಿನೊಳಗೆ ಇಣುಕಿದವನ ಮುಖ ಬಿಳಿಚಿಕೊಂಡಿತು. “ಪುಡಿ ಒಂದು ಗೇಣು ಇಳಿದಿದೆ ಮೇಡಂ.”

* * *

ಅಜ್ಜಿ ಚಹಾ ಮಾಡಿಕೊಟ್ಟರು. ಜೊತೆಗೆ ಬಂದಿದ್ದ ಪೇದೆಗೂ ಕೊಟ್ಟರು. ಮಾಲೀಕನಿಗೂ ಕೊಟ್ಟರು. ತನ್ನನ್ನು ಬೀದಿಗೆ ಹಾಕುತ್ತೇನೆ ಅಂದವನ ಲೋಟಕ್ಕೂ ಸಕ್ಕರೆ ಸರಿಯಾಗಿದೆಯೇ ಅಂತ ಕೇಳಿದರು. ಅವನು ಲೋಟ ನೋಡುತ್ತ ಕೂತ.

ಅಡುಗೆಮನೆಯ ನೆಲ ಇನ್ನೂ ಜಿಡ್ಡಾಗಿತ್ತು. ಆದರೆ ಅಕ್ಕಿಮೂಟೆ ಒದ್ದೆಯಾಗಿರಲಿಲ್ಲ. ಅದು ಬೆಂಚಿನ ಮೇಲಿತ್ತು. ನೆಲದ ಚಾಪೆಯನ್ನೂ ಸುತ್ತಿ ಅಟ್ಟಕ್ಕೆ ಸೇರಿಸಲಾಗಿತ್ತು.

“ಇಷ್ಟು ಭಾರದ ಮೂಟೆ ನೀವೇ ಎತ್ತಿಟ್ರಾ ಅಜ್ಜಿ?”

“ಅಯ್ಯೋ, ನನ್ನ ಕೈಲೆಲ್ಲಿ! ಮೊದಲನೇ ಮಹಡಿ ಟೈಲರಕ್ಕ ಎತ್ತಿಟ್ಲು. ಬಂದು ಎರಡು ತಿಂಗಳಾಗಿಲ್ಲ, ಹೆತ್ತ ಮಗಳ ಹಾಗೆ ನೋಡ್ಕೊಳ್ತಾಳೆ. ನನ್ನ ಪಾತ್ರೆನೂ ತಗೊಂಡು ಹೋದ್ಲು. ಇವತ್ತು ನಾನೇ ತೊಳ್ಕೊಡ್ತೀನಿ, ನೀವು ಸಿಂಕಿನ ಹತ್ರ ಹೋಗ್ಬೇಡಿ ಅಂತ.”

“ಎಷ್ಟು ಹೊತ್ತಿಗೆ?”

“ರೇಡಿಯೋದಲ್ಲಿ ಏಳು ಗಂಟೆ ವಾರ್ತೆ ಬರ್ತಿತ್ತು.”

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟಳು. ನೀರು ಉಕ್ಕಿದ್ದು ಎಂಟೂವರೆಗೆ.

“ಮೇಸ್ತ್ರಿ ಬಂದಾಗ ನೀವು ಮೇಲೆ ಹೋಗಿದ್ರಲ್ಲ. ಯಾಕೆ?”

ಅಜ್ಜಿಗೆ ನಗು ಬಂತು. “ಅವಳೇ ಕೂಗಿದ್ಲು. ಸೂಜಿಗೆ ದಾರ ಪೋಣಿಸಿಕೊಡಿ ಬನ್ನಿ ಅಂತ. ಎರಡು ಕಣ್ಣಿಗೂ ಪೊರೆ ಬಂದಿರೋ ನಾನು! ನನಗೆ ದಾರ ಹಾಗಿರಲಿ, ಸೂಜಿಯೇ ಕಾಣಲ್ಲ. ಏನೋ, ನಾನೂ ಉಪಯೋಗಕ್ಕೆ ಬರ್ತೀನಿ ಅಂತ ನನಗೆ ಅನ್ನಿಸ್ಲಿ ಅಂತ ಕರೆದಿರ್ತಾಳೆ, ಪಾಪ.”

ಫೋನಿನ ಪಕ್ಕದ ಗೋಡೆಯ ಮೇಲೆ ಮೇಸ್ತ್ರಿಯ ನಂಬರು ಇತ್ತು. ಅಜ್ಜಿಗೂ ಕಾಣುವಷ್ಟು ದೊಡ್ಡ ಅಕ್ಷರ. ಬರೆದಿದ್ದು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ.

* * *

ಮಧ್ಯಾಹ್ನ ಬೇರೊಬ್ಬ ಕೆಲಸಗಾರ ಬಂದ. ಮೊಣಕೈವರೆಗೆ ಗವಸು, ಕಣ್ಣಿಗೆ ಕನ್ನಡಕ. ಕೊಳವೆ ಹಾಕಿ ಪೈಪನ್ನು ಅರ್ಧ ಗಂಟೆ ತೊಳೆದ. ಕಂಬಿ ತೂರಿಸಿ ಎಳೆದ. ಬುಡದ ಬಾಗಿನಿಂದ ಗೋಣಿಯ ಒಂದು ಉಂಡೆ ಹೊರಬಂತು.

“ಮೇಲಿಂದ ಬಿಟ್ಟಿದ್ದಾರೆ,” ಎಂದ. “ಈ ಬಾಗಲ್ಲೇ ಕೂರುತ್ತೆ ಅಂತ ಲೆಕ್ಕ ಹಾಕಿ ಸುತ್ತಿದ್ದಾರೆ. ನಮ್ಮ ಕಸುಬು ಗೊತ್ತಿರೋರು.”

ಇನ್ಸ್‌ಪೆಕ್ಟರ್ ಉಂಡೆ ಬಿಚ್ಚಿಸಿದಳು. ತುಂಡಿನ ಅಂಚನ್ನು ಗವಸಿನ ಬೆರಳಲ್ಲಿ ಸವರಿದಳು. ಮತ್ತೊಮ್ಮೆ ಸವರಿದಳು. ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು.

* * *

ಮೇಸ್ತ್ರಿಯ ಎರಡೂ ಕೈಗೆ ಬ್ಯಾಂಡೇಜು. ಎಡಗಣ್ಣಿಗೂ.

“ಎಲ್ಲ ಮನೆಯಲ್ಲೂ ಮೂರು ಸಲ ಕೇಳ್ತೀಯಂತೆ. ಬೇರೆ ಯಾವ ಪೈಪಿನವನೂ ಹಾಗೆ ಕೇಳೋದನ್ನ ನಾನು ನೋಡಿಲ್ಲ. ನೀನು ಯಾವಾಗಿಂದ ಶುರು ಮಾಡಿದೆ?”

ಅವನು ಗೋಡೆಗೆ ಮುಖ ತಿರುಗಿಸಿದ.

“ಇವತ್ತು ಮೊದಲನೇ ಮಹಡಿಯ ಹೆಂಗಸು ಏನು ಉತ್ತರ ಕೊಟ್ಟಳು?”

“ಕಿಟಕಿಯಿಂದ ಹೇಳಿದ್ರು. ಒಳಗೆ ಏನೂ ಇಲ್ಲ, ಬಿಚ್ಚು ಅಂತ.” ಅಷ್ಟು ಹೇಳಿ ಅವನು ಇನ್ಸ್‌ಪೆಕ್ಟರ್ ಕಡೆ ಮುಖ ತಿರುಗಿಸಿದ. “ಏನೂ ಇಲ್ಲ...”

ನರ್ಸ್ ದಿಂಬು ಸರಿಮಾಡಿ ಅಲ್ಲೇ ನಿಂತಳು. ಆಮೇಲೆ ಅವನು ಒಂದೊಂದೇ ಮಾತು ಉದುರಿಸಿದ.

* * *

ಟೈಲರಕ್ಕನ ಕೋಣೆ ಅಚ್ಚುಕಟ್ಟಾಗಿತ್ತು. ಹೊಲಿದ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಮೇಜಿನ ಮೇಲೆ ಅಜ್ಜಿಯ ಪಾತ್ರೆಗಳು, ತೊಳೆದು ಒರೆಸಿ ಜೋಡಿಸಿದ್ದವು. ಅಜ್ಜಿ, ಸೋಪಣ್ಣ, ಮಾಲೀಕ ಬಾಗಿಲಲ್ಲಿ ನಿಂತರು.

“ಅಜ್ಜಿಯನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕು ಅಂತಾರೆ ಮಾಲೀಕರು,” ಎಂದಳು ಇನ್ಸ್‌ಪೆಕ್ಟರ್.

ಹೊಲಿಗೆ ಯಂತ್ರ ನಿಂತಿತು.

“ಅಜ್ಜಿ ಏನೂ ಮಾಡಿಲ್ಲ.”

“ಗೊತ್ತು. ಏಳು ಗಂಟೆಗೇ ನೀನು ಅವರ ಅಕ್ಕಿ ಎತ್ತಿಟ್ಟೆ. ನೀರು ಉಕ್ಕಿದ್ದು ಎಂಟೂವರೆಗೆ. ನೆರೆ ಬರೋಕೆ ಮುಂಚೆಯೇ ಮೂಟೆ ಎತ್ತಿಡೋರು ಯಾರು? ನೆರೆ ತರಿಸೋರು. ನೀರು ಉಕ್ಕಿದಾಗ ಅಜ್ಜಿ ಗೋಡೆ ಮೇಲಿದ್ದ ನಂಬರಿಗೆ ಫೋನ್ ಮಾಡಿದ್ರು. ಆ ನಂಬರು ಬರೆದವಳು ನೀನು. ಮೇಸ್ತ್ರಿ ಬರೋಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಕಾಸ್ಟಿಕ್ ಕರಗಿಸಿ ನಿನ್ನ ಸಿಂಕಿಗೆ ಸುರಿದೆ. ಅದು ನೀರಿಗಿಂತ ಭಾರ. ನೇರ ಬುಡಕ್ಕೆ ಇಳಿದು ಕೂತಿತು. ಆಮೇಲೆ ಅಜ್ಜಿಗೆ ಸಿಡಿಯಬಾರದು ಅಂತ ಮೇಲಕ್ಕೆ ಕರೆದೆ. ದಾರ ಪೋಣಿಸೋಕೆ! ಕಣ್ಣು ಕಾಣದವರನ್ನ!”

ಇನ್ಸ್‌ಪೆಕ್ಟರ್ ಚೀಲದಿಂದ ಗೋಣಿಯ ತುಂಡು ತೆಗೆದಳು.

“ಸೋಪಣ್ಣನ ಚೀಲದಿಂದ ಕತ್ತರಿಸಿದ್ದು. ಬೇರೆ ಯಾರೇ ಆಗಿದ್ರೂ ಹಾಗೇ ಉಂಡೆ ಕಟ್ಟಿ ಎಸೀತಿದ್ರು. ನೀನು ಅಂಚು ಮಡಿಚಿ ಹೊಲಿದಿದ್ದೀಯ. ಸುತ್ತಲೂ, ಒಂದೇ ಅಳತೆಯ ಹೊಲಿಗೆ.”

“ನಾರು ಬಿಚ್ಕೊಂಡ್ರೆ ನೀರು ದಾಟಿಬಿಡ್ತಿತ್ತು,” ಎಂದಳು ಟೈಲರಕ್ಕ. ತುಂಡನ್ನೇ ನೋಡಿದಳು. “ಮತ್ತೆ, ಅಂಚು ಬಿಡೋಕೆ ಕೈ ಬರ್ಲಿಲ್ಲ.”

ಮಾಲೀಕ ಅಜ್ಜಿಯ ಕಡೆ ನೋಡಿ ತಲೆ ತಗ್ಗಿಸಿದ.

“ಅವನು ನಿನಗೇನು ಮಾಡಿದ್ದ?” ಸೋಪಣ್ಣನ ಬಾಯಿಂದ ತಾನಾಗಿ ಬಂತು.

“ನನ್ನ ಗಂಡನೂ ಪೈಪಿನ ಕೆಲಸದವರೇ. ಇವನ ಕೈಕೆಳಗೆ. ಹನ್ನೊಂದು ವರ್ಷದ ಹಿಂದೆ ಮೋರಿ ಗುಂಡಿ ಬಾಯಲ್ಲಿ ನಿಂತು ಅವರು ಕೇಳಿದ್ರು, ಒಳಗೆ ಗಾಳಿ ಕೆಟ್ಟಿಲ್ವಾ ಅಂತ. ಇವನು ಬಗ್ಗಿಯೂ ನೋಡ್ಲಿಲ್ಲ. ಒಳಗೆ ಏನೂ ಇಲ್ಲ, ಇಳಿ ಅಂದ. ಇಳಿದ್ರು. ಹೆಣ ಮೇಲಕ್ಕೆ ಬಂತು. ವಿಚಾರಣೆಯಲ್ಲಿ ಇವನು ಏನಂದ ಗೊತ್ತಾ? ಕುಡಿದು ಬಿದ್ದ ಅಂದ. ಒಂದು ತೊಟ್ಟು ಮುಟ್ಟದ ಮನುಷ್ಯನನ್ನ ಕುಡುಕ ಅಂದ. ಬೀದಿಬೀದಿಯವರು ನನ್ನನ್ನ ಕುಡುಕನ ಹೆಂಡ್ತಿ ಅಂದ್ರು.” ಅವಳ ದನಿ ಏರಲಿಲ್ಲ. “ಹನ್ನೊಂದು ವರ್ಷ ಹೊಟ್ಟೆಯಲ್ಲಿ ಕೆಂಡ ಇಟ್ಕೊಂಡು ಗುಂಡಿ ಹೊಲಿದೆ, ಕಾಜ ಹೊಲಿದೆ. ಇವನು ಈ ಬೀದಿಯ ಮನೆಗಳಿಗೆ ಬರ್ತಾನೆ ಅಂತ ಗೊತ್ತಾದ ಮೇಲೆ ಇಲ್ಲಿ ಬಾಡಿಗೆಗೆ ಬಂದೆ.”

“ಅವತ್ತಿಂದಲೇ ಅವನು ಮೂರು ಸಲ ಕೇಳೋಕೆ ಶುರು ಮಾಡಿದ್ದು,” ಎಂದಳು ಇನ್ಸ್‌ಪೆಕ್ಟರ್.

“ಇವತ್ತೂ ಕೇಳಿದ. ಅವನು ಕೊಟ್ಟ ಉತ್ತರವನ್ನೇ ಅವನಿಗೆ ವಾಪಸ್ ಕೊಟ್ಟೆ.”

ಅಜ್ಜಿ ಒಳಗೆ ಬಂದರು. ಬಾಗಿಲ ಚೌಕಟ್ಟು ತಡವಿ, ಮೇಜು ತಡವಿ, ಅವಳ ಹತ್ತಿರ ನಿಂತರು.

“ನನ್ನ ಮೇಲಕ್ಕೆ ಕರೆದೆಯಲ್ಲ ಮಗಳೇ. ಹಾಗೇ ಅವನನ್ನೂ ಒಂದು ಮಾತು ಕೂಗಿ ನಿಲ್ಲಿಸಬಹುದಿತ್ತಲ್ಲ.”

“ನನ್ನ ಗಂಡನನ್ನ ಯಾರೂ ಕೂಗಿ ನಿಲ್ಲಿಸಲಿಲ್ಲ ಅಜ್ಜಿ.”

ಅಜ್ಜಿ ಅವಳ ತಲೆ ಮೇಲೆ ಕೈ ಇಟ್ಟರು. ಎತ್ತಲಿಲ್ಲ.

ಇನ್ಸ್‌ಪೆಕ್ಟರ್ ಒಂದು ಕಾಗದ ಬಿಡಿಸಿದಳು. “ಗುಂಡಿಯ ವಿಷಯ ಅವನು ಎಲ್ಲ ಹೇಳಿದ್ದಾನೆ. ನಿನ್ನ ಗಂಡ ಕುಡಿದಿರಲಿಲ್ಲ ಅಂತ. ತಾನೇ ಇಳಿಸಿದ್ದು ಅಂತ. ಕೈಗೆ ಬ್ಯಾಂಡೇಜು, ಸಹಿ ಹಾಕೋಕಾಗ್ಲಿಲ್ಲ. ನರ್ಸ್ ಸಾಕ್ಷಿ ಹಾಕಿದ್ದಾರೆ. ಆ ಕೇಸು ಮತ್ತೆ ತೆಗೆಸ್ತೀನಿ. ಆದ್ರೆ ಇವತ್ತು ಮಾಡಿದ್ದಕ್ಕೆ ನಿನ್ನನ್ನ ಬಿಡೋಕಾಗಲ್ಲ.”

ಟೈಲರಕ್ಕ ಕಾಗದ ಈಸಿಕೊಂಡಳು. ನಿಧಾನವಾಗಿ ಓದಿದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಅದನ್ನು ಗಟ್ಟಿಯಾಗಿ, ಬಾಗಿಲಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದಳು: “ಅವನು ಕುಡಿದಿರಲಿಲ್ಲ.”

ಕಾಗದ ಮಡಿಚಿ ಹಿಂದಕ್ಕೆ ಕೊಟ್ಟಳು. ಯಂತ್ರಕ್ಕೆ ಬಟ್ಟೆ ಹೊದಿಸಿದಳು. ಚಪ್ಪಲಿ ಹಾಕಿಕೊಂಡಳು.

“ನನ್ನ ಮುಖ ಅವನಿಗೆ ಗುರುತೇ ಸಿಗಲಿಲ್ಲ ಅಲ್ವಾ?”

“ವಿಚಾರಣೆ ದಿನ ನಿನ್ನ ಮುಖ ನೋಡೋ ಧೈರ್ಯ ಇರಲಿಲ್ಲವಂತೆ.”

“ಕಣ್ಣು?”

“ಎಡಗಣ್ಣು ಹೋಯ್ತು. ಇನ್ನೊಂದನ್ನ ಅಜ್ಜಿ ಉಳಿಸಿದ್ರು.”

ಟೈಲರಕ್ಕ ಅಜ್ಜಿಯನ್ನು ನೋಡಿದಳು. ಕೋಪವಿರಲಿಲ್ಲ.

“ಒಳ್ಳೇದೇ ಆಯ್ತು ಬಿಡಿ,” ಎಂದಳು. “ಕೋರ್ಟಲ್ಲಿ ನನ್ನ ಮುಖ ನೋಡೋಕೆ ಅವನಿಗೆ ಒಂದು ಸಾಕು.”